ಬುಧವಾರದ ಕೋಟು

ಇನ್ನು ಮೇಲೆ ಬುಧವಾರಗಳಂದು ನಾವು ಮನುಷ್ಯರಾಗಿ ಬರಬೇಕು ಅಂತ ನೋಟೀಸು ಬಂತು.

ಹಾಗಂತಲೇ ಬರೆದಿರಲಿಲ್ಲ. ‘ವ್ಯವಹಾರ ಅಧ್ಯಯನ ವಿಭಾಗದ ಎರಡನೇ ವರ್ಷದ ವಿದ್ಯಾರ್ಥಿಗಳು ಪ್ರತಿ ಬುಧವಾರ ಪ್ರೊಫೆಷನಲ್ ಉಡುಪಿನಲ್ಲಿ ಹಾಜರಾಗತಕ್ಕದ್ದು’ ಅಂತ ಬರೆದಿತ್ತು. ಕರಿ ಕೋಟು. ಕರಿ ಪ್ಯಾಂಟು. ಬಿಳಿ ಶರ್ಟು. ಹುಡುಗರಿಗೆ ಟೈ. ಬೆರಳು ಕಾಣದ ಕರಿ ಶೂ. ಕೂದಲು ಹಿಂದಕ್ಕೆ ಎಳೆದು ಕಟ್ಟಿರಬೇಕು. ಉಗುರು ಕತ್ತರಿಸಿರಬೇಕು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ಉಡುಪಿಗೆ ಇಪ್ಪತ್ತು ಅಂಕ.

ಮಿಕ್ಕ ದಿನ ನಾವು ಏನಾಗಿ ಬರುತ್ತಿದ್ದೆವು ಅಂತ ಇವರು ತಿಳಿದಿದ್ದರೋ ಗೊತ್ತಿಲ್ಲ.

ಕೆಳಗೆ ಸಹಿ ಇದ್ದದ್ದು ನಮಗೆ ಸಂವಹನ ಪಾಠ ಮಾಡುವ ಮೇಡಂ ಅವರದು. ನಾವು ಅವರನ್ನು ಟೇಪು ಮೇಡಂ ಅಂತಿದ್ದೆವು. ಅವರ ಕೈಚೀಲದಲ್ಲಿ ಯಾವಾಗಲೂ ದರ್ಜಿಯ ಟೇಪು. ಕೋಟಿನ ತೋಳಿನಿಂದ ಶರ್ಟಿನ ತೋಳು ಅರ್ಧ ಇಂಚು ಹೊರಗೆ ಕಾಣಬೇಕಂತೆ. ಮುಕ್ಕಾಲು ಇಂಚು ಕಂಡರೆ ಕಂಪನಿಯವರು ಕೆಲಸ ಕೊಡುವುದಿಲ್ಲವಂತೆ. ಕಾಲಿಂಚು ಕಂಡರೆ ಕೊಟ್ಟ ಕೆಲಸವನ್ನೂ ಕಿತ್ತುಕೊಳ್ಳುತ್ತಾರಂತೆ. ಕಾಲಿಂಚಿನದು ನಾನು ಸೇರಿಸಿದ್ದು. ಮೇಡಂ ಕೆಟ್ಟವರಲ್ಲ. ನಮ್ಮನ್ನು ಹೇಗಾದರೂ ಮಾಡಿ ಯಾವುದಾದರೂ ಗಾಜಿನ ಕಟ್ಟಡದೊಳಗೆ ತಳ್ಳಬೇಕು ಅನ್ನುವ ಆಸೆ ಅವರಿಗೆ ನಿಜವಾಗಿಯೂ ಇತ್ತು. ಒಳಗೆ ಹೋಗುವವರು ಮಾತ್ರ ಅವರಿಗೆ ಬೇಕಾದ ಅಳತೆಯಲ್ಲಿರಬೇಕಿತ್ತು.

ನೋಟೀಸು ಓದಿದ ಗೆಳತಿ ಕನ್ನಡಕ ನನ್ನ ಮುಖ ನೋಡಿದಳು. ಅವಳ ಕನ್ನಡಕ ಮುಖಕ್ಕಿಂತ ದೊಡ್ಡದು, ಹೆಸರು ಅಲ್ಲಿಂದ ಬಂದದ್ದು.

“ನಂಗೆ ಅಕ್ಕನ ಕೋಟಿದೆ. ನಿಂಗೆ?”

“ನಂಗೂ ಇದೆ.”

“ಯಾರದು?”

“ನಂದೇ ಕಣೇ.”

ಸುಳ್ಳಲ್ಲ. ನನ್ನ ಹತ್ತಿರ ಕರಿ ಕೋಟು ಒಂದಲ್ಲ, ಎರಡಿದ್ದವು. ಎರಡೂ ನನ್ನ ಅಳತೆಗೆ ಹೊಲಿದದ್ದು. ಹೊಲಿಸಿಕೊಟ್ಟದ್ದು ಹೋಟೆಲು.

ಊರಿನ ದೊಡ್ಡ ಹೋಟೆಲಿನಲ್ಲಿ ನಾನು ಮೂರು ವರ್ಷದಿಂದ ಸಪ್ಲೈಯರ್. ವಾರದ ದಿನ ಬೆಳಿಗ್ಗೆ ತಿಂಡಿಯ ಹೊತ್ತು. ಐದೂವರೆಗೆ ಹೋಗಿ ಒಂಬತ್ತಕ್ಕೆ ಬಿಡುವುದು, ಅಲ್ಲಿಂದ ಓಡಿ ಹತ್ತಕ್ಕೆ ಕಾಲೇಜು. ಶನಿವಾರ, ಭಾನುವಾರ ಸಮಾರಂಭ ನಡೆಯುವ ದೊಡ್ಡ ಹಾಲಿನಲ್ಲಿ ಇಡೀ ಹಗಲು. ಎಡಗೈ ಮೇಲೆ ಮೂರು ತಟ್ಟೆ, ಬಲಗೈಯಲ್ಲಿ ಒಂದು. ಮೂರನೆಯ ತಟ್ಟೆ ಮಣಿಕಟ್ಟಿನ ಮೂಳೆ ಮೇಲೆ ಕೂರುತ್ತದೆ. ಬಿಸಿ ತಟ್ಟೆಯಾದರೆ ಆ ಜಾಗ ಸುಡುತ್ತದೆ. ಸುಟ್ಟರೂ ನಗುತ್ತಿರಬೇಕು. ಮೊದಲ ತಿಂಗಳು ನಾನು ನಗುತ್ತಾ ಅಳುವುದನ್ನು ಕಲಿತೆ. ಆಮೇಲೆ ಅಲ್ಲಿ ಚರ್ಮ ದಪ್ಪವಾಯಿತು, ಬರೀ ನಗು ಉಳಿಯಿತು.

ಅಮ್ಮನೂ ಅದೇ ಹೋಟೆಲಿನಲ್ಲಿ. ನಾನು ಮೇಲೆ, ಅವಳು ನೆಲಮಾಳಿಗೆಯಲ್ಲಿ. ಪಾತ್ರೆ ತೊಳೆಯುವ ಕೆಲಸ. ಮೊಣಕಾಲಿನ ತನಕ ರಬ್ಬರ್ ಬೂಟು, ಎದೆಯಿಂದ ಕೆಳಗೆ ಪ್ಲಾಸ್ಟಿಕ್ ಏಪ್ರನ್ನು, ಮುಖಕ್ಕೆ ಹೊಡೆಯುವ ಹಬೆ. ಅವಳ ಬೆರಳ ತುದಿಗಳು ಯಾವಾಗಲೂ ನೆನೆದು ಬಿಳಿಚಿಕೊಂಡಿರುತ್ತವೆ. ಬೆರಳು ಒತ್ತಿ ಹಾಜರಿ ಹಾಕುವ ಯಂತ್ರ ಬಂದಾಗ ಅದು ಅಮ್ಮನನ್ನು ಗುರುತಿಸಲೇ ಇಲ್ಲ. ‘ಇಪ್ಪತ್ತು ವರ್ಷದಿಂದ ಇಲ್ಲೇ ಇದೀನಿ, ನಿನ್ನೆ ಬಂದ ಇದಕ್ಕೆ ನಾನು ಯಾರು ಅಂತ ಗೊತ್ತಿಲ್ವಂತೆ’ ಅಂತ ಅವಳು ಆ ಯಂತ್ರಕ್ಕೆ ಬೈದದ್ದನ್ನು ಇವತ್ತಿಗೂ ಅಲ್ಲಿ ಹೇಳಿ ನಗುತ್ತಾರೆ.

ನಾನು ಎತ್ತಿದ ತಟ್ಟೆ ಪುಟ್ಟ ಲಿಫ್ಟಿನಲ್ಲಿ ಇಳಿದು ಅಮ್ಮನ ಕೈಗೆ ಹೋಗುತ್ತದೆ. ಮನೆಗೆ ಬಂದ ಮೇಲೆ ಅವಳು ವಿಚಾರಿಸುತ್ತಾಳೆ.

“ಆ ಉದ್ದದ ಟೇಬಲ್ಲಿನವರು ಯಾರೇ? ಮುಟ್ಟದೇ ಬಿಟ್ಟಿದಾರಲ್ಲ. ಜಗಳ ಆಯ್ತಾ?”

“ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ಕೂತು ಮಾತಾಡಿದ್ರು.”

“ಹಂಗಾದ್ರೆ ಆ ಸಂಬಂಧ ಆಗಲ್ಲ ಬಿಡು.”

ತಟ್ಟೆ ನೋಡಿ ಊಟ ಮಾಡಿದವರ ಮನಸ್ಸು ಹೇಳುತ್ತಾಳೆ. ಆ ಸಂಬಂಧ ಆಗಲಿಲ್ಲ.

ಬುಧವಾರದ ವಿಷಯ ನಾನು ಕ್ಯಾಪ್ಟನ್‌ಗೆ ಹೇಳಿದೆ. ಕ್ಯಾಪ್ಟನ್ ಅಂದರೆ ನಮ್ಮ ಸಪ್ಲೈಯರುಗಳ ಮೇಲಿನವರು. ಹಡಗು ಏನೂ ಇಲ್ಲ. ಹೋಟೆಲಿನಲ್ಲಿ ಅವರು ನನ್ನನ್ನು ಕರೆಯುವುದು ‘ಕಾಲೇಜು’ ಅಂತಲೇ.

“ಕೋಟು ಹಾಕ್ಕೊಂಡು ಹೋಗು ಕಾಲೇಜು. ಆದ್ರೆ ಗುರುವಾರ ಬೆಳಿಗ್ಗೆ ಐದೂವರೆಗೆ ನನ್ನ ಮುಂದಿರ್ಬೇಕು. ನೀನೂ, ಕೋಟೂ. ಇಬ್ರೂ ಇಸ್ತ್ರಿ ಆಗಿರ್ಬೇಕು.”

ಮೊದಲ ಬುಧವಾರ ಕ್ಲಾಸಿನ ಬಾಗಿಲಲ್ಲಿ ಸಾಲು. ಟೇಪು ಮೇಡಂ ಒಬ್ಬೊಬ್ಬರನ್ನೇ ಅಳೆದು ಒಳಗೆ ಬಿಡುತ್ತಿದ್ದರು. ನನ್ನ ಮುಂದೆ ನಿಂತಿದ್ದವನು ‘ಉದ್ದ’. ನಮ್ಮ ಕ್ಲಾಸಿನ ಅತಿ ಎತ್ತರದ ಹುಡುಗ. ಅವನ ಕೋಟು ಬಹಳ ಬೆಲೆಬಾಳುವಂಥದ್ದು, ಒಳಗೆ ರೇಷ್ಮೆ. ಆದರೆ ತೋಳು ಮೊಣಕೈ ದಾಟಿ ಸ್ವಲ್ಪವೇ ಮುಂದಕ್ಕೆ ಬಂದು ಸುಸ್ತಾಗಿ ನಿಂತಿತ್ತು. ಮೇಡಂ ಟೇಪು ಹಿಡಿದು ತಬ್ಬಿಬ್ಬಾದರು. ಗೇಣುದ್ದ ಶರ್ಟು ಹೊರಗಿತ್ತು.

“ಇದೇನಪ್ಪಾ?”

“ಬೆಳೀತಾ ಇದೀನಿ ಮೇಡಂ.”

ಬಟ್ಟೆ ಒಳ್ಳೆಯದಿದೆ ಅಂತ ಅವನಿಗೆ ಹದಿನೈದು ಕೊಟ್ಟರು.

ನನ್ನ ಸರದಿ ಬಂತು. ಮೇಡಂ ನನ್ನನ್ನು ಒಂದು ಸುತ್ತು ಬಂದರು. ಟೇಪು ಹಿಡಿದರು. ಅರ್ಧ ಇಂಚು. ಕಾಲರು ನೋಡಿದರು, ಶೂ ನೋಡಿದರು, ಕೈ ತಿರುಗಿಸಿ ಉಗುರು ನೋಡಿದರು. ಎಲ್ಲವೂ ಕ್ಯಾಪ್ಟನ್ ದಿನಾ ನೋಡುವಂಥದ್ದೇ.

“ಪರ್ಫೆಕ್ಟ್! ಎಲ್ಲಿ ಸಿಕ್ತು ಈ ಕೋಟು?”

“ಕೆಲಸದ ಕಡೆಯಿಂದ ಕೊಟ್ರು ಮೇಡಂ.”

“ಓ, ಆಗ್ಲೇ ಕಂಪನಿ ಸೇರಿದೀಯಾ? ಶಭಾಷ್!”

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹೋಟೆಲೂ ಒಂದು ಕಂಪನಿಯೇ ತಾನೆ.

ಅವತ್ತಿನಿಂದ ಎರಡು ತಿಂಗಳು ನಾನು ಮಾದರಿ. ಪ್ರತಿ ಬುಧವಾರ ನನ್ನನ್ನು ಎಲ್ಲರ ಮುಂದೆ ನಿಲ್ಲಿಸುತ್ತಿದ್ದರು. ‘ಬೆನ್ನು ನೋಡಿ. ಭುಜ ನೋಡಿ. ಕಾಲು ಅಲುಗಾಡ್ತಿದೆಯಾ? ಇಲ್ಲ. ಇದಕ್ಕೆ ಆತ್ಮವಿಶ್ವಾಸ ಅಂತಾರೆ.’ ನನಗೆ ಒಳಗೊಳಗೇ ನಗು. ಎಂಟು ಗಂಟೆ ನಿಂತೇ ಕೆಲಸ ಮಾಡುವವಳಿಗೆ ಹತ್ತು ನಿಮಿಷ ನಿಲ್ಲುವುದು ಯಾವ ಲೆಕ್ಕ? ಬೆನ್ನು ನೆಟ್ಟಗಿದ್ದದ್ದು ಬಗ್ಗಿದರೆ ಸೂಪು ಚೆಲ್ಲುತ್ತದೆ ಅಂತ. ಹುಡುಗರು ಟೈ ಕಟ್ಟಲು ಬಾರದೆ ನನ್ನ ಮುಂದೆ ಕುತ್ತಿಗೆ ಚಾಚುತ್ತಿದ್ದರು. ಒಂದು ಬುಧವಾರ ಹನ್ನೊಂದು ಕುತ್ತಿಗೆ ಕಟ್ಟಿದೆ. ಕನ್ನಡಕ ಹೇಳಿದಳು, “ಸ್ವಲ್ಪ ಬಿಗಿಯಾಗೇ ಕಟ್ಟು, ಮಾತು ಕಡಿಮೆಯಾಗ್ಲಿ.”

ನನಗೂ ಹಿತವಾಗುತ್ತಿತ್ತು. ಅದನ್ನು ಮುಚ್ಚಿಡುವುದಿಲ್ಲ. ಹೋಟೆಲಿನಲ್ಲಿ ಆ ಕೋಟು ಹಾಕಿದರೆ ನಾನು ಯಾರ ಕಣ್ಣಿಗೂ ಕಾಣುವುದಿಲ್ಲ. ತಟ್ಟೆ ಗಾಳಿಯಲ್ಲಿ ಬಂದು ಗಾಳಿಯಲ್ಲಿ ಹೋಯಿತು ಅನ್ನುವ ಹಾಗೆ ಇರುತ್ತಾರೆ ಜನ. ಅದೇ ಕೋಟು, ಒಂದೂವರೆ ಮೈಲಿ ಆಚೆ, ನಲವತ್ತು ಜನ ನನ್ನನ್ನೇ ನೋಡುತ್ತಿದ್ದರು.

ಆಮೇಲೆ ಉದ್ಯಮಿಗಳ ದಿನ ಬಂತು.

ಐವರು ದೊಡ್ಡ ವ್ಯಾಪಾರಸ್ಥರು ಬರುತ್ತಾರೆ, ವಿದ್ಯಾರ್ಥಿಗಳು ನಾಲ್ಕು ನಾಲ್ಕು ಜನ ಸೇರಿ ಒಂದೊಂದು ವ್ಯಾಪಾರದ ಯೋಜನೆ ಮಂಡಿಸಬೇಕು, ಮೆಚ್ಚಿದವರಿಗೆ ಅವರ ಕಂಪನಿಯಲ್ಲಿ ಬೇಸಿಗೆ ಕೆಲಸ. ಜಾಗ ಎಲ್ಲಿ ಅಂತ ನೋಡಿದರೆ ನಮ್ಮ ಹೋಟೆಲಿನ ದೊಡ್ಡ ಹಾಲು.

ಕ್ಯಾಪ್ಟನ್‌ಗೆ ಹೇಳಿದೆ. ಅವರು ಬೆರಳೆತ್ತಿದರು.

“ಅವತ್ತು ನೀನು ಗೆಸ್ಟು. ಒಂದು ತಟ್ಟೆ ಮುಟ್ಟಿದ್ರೂ ಕೈ ಮೇಲೆ ಬಾರಿಸ್ತೀನಿ.”

ನಮ್ಮ ಗುಂಪಿನ ಯೋಜನೆ ಒಂದು ಸಣ್ಣ ಕ್ಯಾಂಟೀನು. ಬರೆದವಳು ನಾನು. ಅರ್ಧದಷ್ಟು ಅಮ್ಮ ಹೇಳಿದ್ದು. ಜನ ಏನು ತಿನ್ನುತ್ತಾರೆ, ಏನು ಬಿಡುತ್ತಾರೆ, ಯಾವ ಅಳತೆಯ ತಟ್ಟೆಯಲ್ಲಿ ಬಡಿಸಿದರೆ ಮಿಗುವುದಿಲ್ಲ, ಎಲ್ಲವೂ ಅವಳು ಸಿಂಕಿನ ಮುಂದೆ ನಿಂತು ಕಂಡದ್ದು. ನನ್ನ ಪಾಲಿಗೆ ನಾಲ್ಕು ನಿಮಿಷದ ಮಾತು. ಒಂದು ವಾರ ತಟ್ಟೆ ಎತ್ತುತ್ತಾ ಇಳಿಸುತ್ತಾ ಬಾಯಿಪಾಠ ಮಾಡಿದೆ.

ಅವತ್ತು ಹಾಲಿನಲ್ಲಿ ಕರಿ ಕೋಟಿನ ಜಾತ್ರೆ. ನಲವತ್ತು ವಿದ್ಯಾರ್ಥಿಗಳು ಕರಿ ಕೋಟು. ಹನ್ನೆರಡು ಸಪ್ಲೈಯರುಗಳು ಕರಿ ಕೋಟು. ಐವರು ಉದ್ಯಮಿಗಳೂ ಕರಿ ಕೋಟು. ನನ್ನ ಜೊತೆ ಕೆಲಸ ಮಾಡುವವಳು ಟ್ರೇ ಹಿಡಿದು ನನ್ನ ಮುಂದೆ ಬಂದು ತಲೆ ಬಾಗಿಸಿ, “ಜ್ಯೂಸ್ ತಗೊಳ್ಳಿ ಮೇಡಂ” ಅಂದು, ಯಾರೂ ನೋಡದಾಗ ನಾಲಿಗೆ ಹೊರಗೆ ಹಾಕಿದಳು.

ನಾನು ವೇದಿಕೆಯ ಪಕ್ಕ ಮನಸ್ಸಿನಲ್ಲೇ ಮಾತು ಉರು ಹಾಕುತ್ತಾ ನಿಂತಿದ್ದೆ. ಐವರಲ್ಲಿ ಒಬ್ಬರು, ದಪ್ಪ ಗಡಿಯಾರದವರು, ಯಾರ ಜೊತೆಗೋ ಮಾತಾಡುತ್ತಾ ಬಂದು ನನ್ನತ್ತ ತಿರುಗದೆಯೇ ಖಾಲಿ ಲೋಟ ಚಾಚಿದರು. ನನ್ನ ಕೈ ಹಿಡಿದುಕೊಂಡಿತು. ಮೂರು ವರ್ಷದ ಕೈ ಅದು. ತಲೆ ಆಮೇಲೆ ಬಂತು. ಅಷ್ಟರಲ್ಲಿ ಅವರು, “ಇನ್ನೊಂದು ತಾ, ಐಸ್ ಬೇಡ” ಅಂದಿದ್ದರು. ನಾನು “ಸರಿ ಸಾರ್” ಅಂದಿದ್ದೆ.

ನೋಡಿದವರು ಕಿಸಕ್ಕನೆ ನಕ್ಕರು. ಅಷ್ಟೇ ಆಗಿದ್ದರೆ ನಾನೂ ನಕ್ಕು ಬಿಡುತ್ತಿದ್ದೆ.

ಅದೇ ಹೊತ್ತಿಗೆ ಇನ್ನೊಬ್ಬ ಉದ್ಯಮಿ ಉದ್ದನ ಭುಜ ತಟ್ಟಿ, “ಸ್ವಲ್ಪ ನೀರು” ಅಂದರು. ಇಡೀ ಹಾಲು ಅದುರುವ ಹಾಗೆ ಉದ್ದ ಕೂಗಿದ.

“ನಾನು ಸ್ಟೂಡೆಂಟು!”

ಎಲ್ಲರ ತಲೆಯೂ ಆ ಕಡೆ ತಿರುಗಿತು. ಪ್ರಿನ್ಸಿಪಾಲರು ಎದ್ದು ನಿಂತರು. ಟೇಪು ಮೇಡಂ ನನ್ನ ಕಡೆ ನೋಡಿದರು, ಟ್ರೇ ಹಿಡಿದವಳ ಕಡೆ ನೋಡಿದರು, ಮತ್ತೆ ನನ್ನ ಕಡೆ ನೋಡಿದರು. ಕಾಲರು ಒಂದೇ. ಗುಂಡಿ ಒಂದೇ. ತೋಳಂಚಿನ ಹೊಲಿಗೆ ಒಂದೇ. ಬಟ್ಟೆಯ ವಿಷಯದಲ್ಲಿ ಅವರ ಕಣ್ಣು ಬಹಳ ಚುರುಕು.

ಅವರು ನನ್ನನ್ನು ಪರದೆಯ ಹಿಂದಕ್ಕೆ ಕರೆದುಕೊಂಡು ಹೋದರು.

“ನೀನು ಇಲ್ಲಿ ಕೆಲಸ ಮಾಡ್ತೀಯಾ?”

“ಹೌದು ಮೇಡಂ.”

“ಇದು ಸಪ್ಲೈಯರ್ ಕೋಟಾ?”

“ಹೌದು ಮೇಡಂ.”

“ಎರಡು ತಿಂಗಳು ನನಗೆ ಮೋಸ ಮಾಡಿದೆಯಲ್ಲೇ!”

“ಕೆಲಸದ ಕಡೆಯಿಂದ ಕೊಟ್ರು ಅಂತ ಮೊದಲ ದಿನವೇ ಹೇಳಿದ್ದೆ ಮೇಡಂ.”

“ನಾನು ಪ್ರೊಫೆಷನಲ್ ಉಡುಪು ಹಾಕ್ಕೊಂಡು ಬನ್ನಿ ಅಂದಿದ್ದು. ಕೆಲಸದವರ ಬಟ್ಟೆ ಹಾಕ್ಕೊಂಡು ಬನ್ನಿ ಅಂದೆನಾ?”

“ಪ್ರೊಫೆಷನ್ ಅಂದ್ರೆ ಕೆಲಸ ಅಲ್ವಾ ಮೇಡಂ?”

ನಾನು ಎದುರು ಮಾತಾಡಬೇಕು ಅಂತ ಕೇಳಿದ್ದಲ್ಲ. ನಿಜವಾಗಿಯೂ ಅರ್ಥವಾಗಿರಲಿಲ್ಲ. ಮೇಡಂ ಮುಖ ಕೆಂಪಾಯಿತು. ಕನ್ನಡಕಳನ್ನು ಕರೆದರು.

“ನಿನ್ನ ಕೋಟು ಬಿಚ್ಚಿ ಇವಳಿಗೆ ಕೊಡು. ನಾಲ್ಕು ನಿಮಿಷ ಸಾಕು. ನೀನು ಅದನ್ನ ಬಿಚ್ಚು, ಬೇಗ. ಆ ಕೋಟು ವೇದಿಕೆ ಹತ್ತಬಾರದು.”

ಕನ್ನಡಕ ಪಾಪ ಬಿಚ್ಚತೊಡಗಿದಳು. ಅವಳ ಅಕ್ಕನ ಕೋಟು. ಎರಡು ಗುಂಡಿ ಇರಲಿಲ್ಲ. ಕಂಕುಳಲ್ಲಿ ಪಿನ್ನು ಚುಚ್ಚಿತ್ತು. ಅದು ವೇದಿಕೆ ಹತ್ತಬಹುದಿತ್ತು.

ನನ್ನ ಕೈ ಮೊದಲ ಗುಂಡಿಗೆ ಹೋಗಿತ್ತು. ಅಭ್ಯಾಸ, ಹೇಳಿದ್ದು ಮಾಡುವುದು. ಗುಂಡಿ ಹಿಡಿದು ನಿಂತೆ. ಎರಡು ತಿಂಗಳು ಇದೇ ಬೆನ್ನು, ಇದೇ ಭುಜ. ಆತ್ಮವಿಶ್ವಾಸ ಅಂದಿದ್ದರು.

“ಬಿಚ್ಚಲ್ಲ ಮೇಡಂ.”

“ಏನಂದೆ?”

“ಬಿಚ್ಚಲ್ಲ.”

ಗುಂಡಿಯಿಂದ ಕೈ ತೆಗೆದೆ.

“ಹಾಗಾದ್ರೆ ನೀನು ಮಾತಾಡೋದು ಬೇಡ.”

ನನ್ನ ನಾಲ್ಕು ನಿಮಿಷವನ್ನು ಕನ್ನಡಕ ಓದಿದಳು. ತಡವರಿಸುತ್ತಾ ಓದಿದಳು, ಪ್ರತಿ ಸಾಲಿಗೊಮ್ಮೆ ನನ್ನ ಕಡೆ ನೋಡುತ್ತಾ ಓದಿದಳು. ತಟ್ಟೆಯ ಅಳತೆಯ ಮಾತು ಬಂದಾಗ ದಪ್ಪ ಗಡಿಯಾರದವರು ಚಪ್ಪಾಳೆ ತಟ್ಟಿದರು. “ಇದು ಅನುಭವದ ಮಾತು” ಅಂದರು. ಅನುಭವ ಆಗ ಎರಡು ಮಹಡಿ ಕೆಳಗೆ ಅವರ ಲೋಟ ತೊಳೆಯುತ್ತಿತ್ತು.

ನಾನು ಕಂಬದ ಪಕ್ಕ ನಿಂತಿದ್ದೆ. ಎಲ್ಲರಿಗೂ ಕುರ್ಚಿ ಇತ್ತು, ನನ್ನದು ಎಲ್ಲಿ ಅಂತ ತೋಚಲಿಲ್ಲ. ಕ್ಯಾಪ್ಟನ್ ನೋಡಿದರು. ಉದ್ಯಮಿಗಳ ಸಾಲಿನಿಂದಲೇ ಒಂದು ಕುರ್ಚಿ ಎತ್ತಿ ತಂದು ಹಾಕಿದರು. ಹಿಂದಕ್ಕೆ ಎಳೆದು ಹಿಡಿದು, “ಕೂತ್ಕೊಳ್ಳಿ ಮೇಡಂ” ಅಂದರು. ನಾನು ಕೂತೆ. ಊಟದ ನ್ಯಾಪ್ಕಿನ್ನು ಬಿಡಿಸಿ ಮಡಿಲ ಮೇಲೆ ಹಾಸಿದರು. ನೀರು ಸುರಿದರು. ಲೋಟದ ಅಂಚಿಗೆ ಒಂದು ಹನಿ ತಾಗಲಿಲ್ಲ. ಮೂವತ್ತು ವರ್ಷದ ಕೈ.

ಆಗ ಮಾತ್ರ ನನಗೆ ಅಳು ಬಂತು.

ಮರುದಿನ ಮೇಡಂ ಒಂದು ಹಾಳೆ ಕೊಟ್ಟರು. ‘ಕಾಲೇಜಿನ ಘನತೆಗೆ ಕುಂದು ತರುವಂಥ ಉಡುಪು ಧರಿಸಿ, ಗಣ್ಯರಲ್ಲಿ ಗೊಂದಲ ಉಂಟುಮಾಡಿದ್ದಕ್ಕಾಗಿ ಕ್ಷಮೆ ಕೋರುತ್ತೇನೆ.’ ಇದನ್ನು ನನ್ನ ಕೈಬರಹದಲ್ಲಿ ನಕಲು ಮಾಡಿ ಸಹಿ ಹಾಕಬೇಕು. ಹಾಕಿದರೆ ಉಡುಪಿನ ಅಂಕ ಉಳಿಯುತ್ತದೆ. ಇಲ್ಲದಿದ್ದರೆ ಸೊನ್ನೆ, ಮೇಲೆ ಪರೀಕ್ಷೆಯ ಪ್ರವೇಶ ಪತ್ರವೂ ಇಲ್ಲ.

“ಬರಿಯಲ್ಲ ಮೇಡಂ.”

“ಎರಡು ಸಾಲು ಬರೆಯೋಕೆ ಏನು ರೋಗ ನಿಂಗೆ?”

“ಗೊಂದಲ ಮಾಡಿದ್ದು ನಾನಲ್ಲ.”

“ಅಮ್ಮನ್ನ ಕರ್ಕೊಂಡು ಬಾ. ನಾಳೆ ಹನ್ನೊಂದು ಗಂಟೆಗೆ.”

ಹನ್ನೊಂದು ಅಂದರೆ ತಿಂಡಿಯ ಪಾತ್ರೆ ಮುಗಿದು ಊಟದ ಪಾತ್ರೆ ಶುರುವಾಗುವ ನಡುವಿನ ಹೊತ್ತು. ಅಮ್ಮನಿಗೆ ಬಟ್ಟೆ ಬದಲಿಸಲು ಬಿಡುವಿಲ್ಲ. ಏಪ್ರನ್ನು ಮಾತ್ರ ಕಳಚಿ, ರಬ್ಬರ್ ಬೂಟಿನಲ್ಲೇ ನಡೆದು ಬಂದಳು. ಗೇಟಿನಲ್ಲಿ ಕಾವಲಿನವನು ತಡೆದ.

“ಏನು ಕೆಲಸದ ಮೇಲೆ ಬಂದೆಯಮ್ಮ?”

“ನಂಗೇನೂ ಕೆಲಸ ಇಲ್ಲಪ್ಪ. ನಿಮ್ಮ ಪ್ರಿನ್ಸಿಪಾಲ್‌ಗೆ ಏನೋ ಇದೆಯಂತೆ.”

ಪ್ರಿನ್ಸಿಪಾಲರ ಕೋಣೆಯಲ್ಲಿ ಕೆಂಪು ರತ್ನಗಂಬಳಿ ಹಾಸಿತ್ತು. ಅಮ್ಮನ ಬೂಟು ಪ್ರತಿ ಹೆಜ್ಜೆಗೂ ಕಿಚಕ್ ಅಂದು ಒಂದೊಂದು ಒದ್ದೆ ಪಾದ ಬಿಟ್ಟಿತು. ಪ್ರಿನ್ಸಿಪಾಲರ ಕಣ್ಣು ಆ ಪಾದಗಳನ್ನೇ ಎಣಿಸುತ್ತಿತ್ತು. ಮೇಡಂ ಪಕ್ಕದಲ್ಲಿ ನಿಂತಿದ್ದರು. ಕೂರು ಅಂತ ಯಾರೂ ಹೇಳಲಿಲ್ಲ. ಅಮ್ಮ ಕೂತಳು.

ಮೇಡಂ ಎಲ್ಲ ಹೇಳಿದರು. ಅಮ್ಮ ಪೂರ್ತಿ ಕೇಳಿದಳು.

“ಮೇಡಮ್ಮಾವ್ರೇ, ಆ ಕೋಟು ಕೊಳೆಯಾಗಿತ್ತಾ?”

“ಇಲ್ಲ.”

“ಹರಿದಿತ್ತಾ?”

“ಇಲ್ಲ.”

“ಅಳತೆ ತಪ್ಪಿತ್ತಾ?”

“ಅಳತೆ… ಅಳತೆ ಸರಿಯಾಗೇ ಇತ್ತು.”

“ಎರಡು ತಿಂಗಳು ಚೆನ್ನಾಗಿದ್ದ ಕೋಟು, ನಿಮ್ಮ ಸಾಹೇಬ್ರು ಲೋಟ ಕೊಟ್ಟ ಕೂಡ್ಲೇ ಕೆಟ್ಟೋಯ್ತಾ?”

ಮೇಡಂ ಕೈಚೀಲದ ಹಿಡಿ ಸರಿಮಾಡಿಕೊಂಡರು.

“ಗುರುತು ಸಿಗದೇ ಹೋದದ್ದು ಅವರಿಗೆ. ತಪ್ಪಾಯ್ತು ಅಂತ ಬರಿಯೋಳು ಇವಳಾ? ಅವರಿಗೂ ಒಂದು ಹಾಳೆ ಕಳಿಸಿ.”

ಪ್ರಿನ್ಸಿಪಾಲರು ಗಂಟಲು ಸರಿ ಮಾಡಿಕೊಂಡರು.

“ನೋಡಮ್ಮ, ಒಂದು ಸಂಸ್ಥೆ ಅಂದ್ಮೇಲೆ ಅಲ್ಲಿ ನಿಯಮ ಅಂತ ಇರುತ್ತೆ.”

“ಇರ್ಲಿ ಸಾರ್. ನಮ್ಮಲ್ಲೂ ಇದೆ. ಬೂಟು ಹಾಕ್ದೆ ನೀರಿಗೆ ಇಳಿಯೋ ಹಾಗಿಲ್ಲ. ಇಳಿದ್ರೆ ಜಾರಿ ಸೊಂಟ ಮುರಿಯುತ್ತೆ. ನಿಮ್ಮ ನಿಯಮ ತಪ್ಪಿದ್ರೆ ಏನು ಮುರಿಯುತ್ತೆ ಹೇಳಿ, ನಾನೇ ಕೂತು ಬರೆಸ್ತೀನಿ.”

ಪ್ರಿನ್ಸಿಪಾಲರು ಮೇಡಂ ಮುಖ ನೋಡಿದರು. ಮೇಡಂ ಕಿಟಕಿ ನೋಡಿದರು. ಗೋಡೆಯ ಗಡಿಯಾರ ನೋಡಿದವಳು ಅಮ್ಮ.

“ಬೇಗ ಹೇಳಿ ಸಾರ್. ಊಟದ ಪಾತ್ರೆ ಬಂದಿರುತ್ತೆ.”

ಪ್ರವೇಶ ಪತ್ರ ಕೊಟ್ಟರು. ನ್ಯಾಯ ಕಂಡು ಕೊಟ್ಟರೋ, ಕಂಬಳಿ ಉಳಿಯಲಿ ಅಂತ ಕೊಟ್ಟರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಉಡುಪಿನ ಇಪ್ಪತ್ತಕ್ಕೆ ಸೊನ್ನೆ ಹಾಗೇ ನಿಂತಿತು. ಈಗಲೂ ನನ್ನ ಅಂಕಪಟ್ಟಿಯಲ್ಲಿ ಗುಂಡಗೆ ಕೂತಿದೆ. ಹೊರಡುವಾಗ ಪ್ರಿನ್ಸಿಪಾಲರು ಒಂದು ಮಾತು ಸೇರಿಸಿದರು: ಬುಧವಾರ ಆ ಕೋಟಿನಲ್ಲಿ ಬಂದರೆ ಕ್ಲಾಸಿನೊಳಗೆ ಸೇರಿಸುವುದಿಲ್ಲ.

ಮೆಟ್ಟಿಲಿಳಿಯುವಾಗ ಅಮ್ಮ ನನ್ನ ಕಡೆ ಕೈ ಚಾಚಿದಳು. ನಾನು ಹಿಡಿದುಕೊಂಡೆ.

“ಹೆದರಿದ್ಯಾ?”

“ಹೂಂ ಕಣೇ. ಆ ಕುರ್ಚಿ ಎಷ್ಟು ಮೆತ್ತಗಿತ್ತು ಅಂದ್ರೆ, ಏಳೋಕೇ ಆಗಲ್ವೇನೋ ಅಂತ ಹೆದರಿಕೆಯಾಯ್ತು.”

ನಡೆದದ್ದನ್ನೆಲ್ಲ ನಾನು ಕನ್ನಡಕಳಿಗೆ ಹೇಳಿದೆ. ಕನ್ನಡಕಳಿಗೆ ಹೇಳಿದರೆ ಕಾಲೇಜಿಗೆಲ್ಲ ಹೇಳಿದ ಹಾಗೆ. ಸಂಜೆಯ ಹೊತ್ತಿಗೆ ಗೋಡೆಗಳಿಗೂ ಗೊತ್ತಿತ್ತು.

ಬುಧವಾರ ಬಂತು. ನಾನು ಕೋಟು ಹಾಕಿದೆ. ಇಷ್ಟು ದಿನ ಕಾಲೇಜಿಗೆ ಬರುವಾಗ ಎದೆಯ ಮೇಲಿನ ಹೋಟೆಲಿನ ಬಿಲ್ಲೆ ತೆಗೆದು ಜೇಬಿನಲ್ಲಿಡುತ್ತಿದ್ದೆ. ಅವತ್ತು ತೆಗೆಯಲಿಲ್ಲ. ಬಾಗಿಲಲ್ಲಿ ಮೇಡಂ ನನ್ನನ್ನು ನೋಡಿದರು, ಬಿಲ್ಲೆ ನೋಡಿದರು, ಕೈಯನ್ನು ಅಡ್ಡ ಚಾಚಿದರು. ನಾನು ಜಗಲಿಯಲ್ಲಿ ಗೋಡೆಗೊರಗಿ ನೆಲದ ಮೇಲೆ ಕೂತೆ. ನೆಲ ತಣ್ಣಗಿತ್ತು. ಪುಸ್ತಕ ತೆಗೆದೆ. ಹೋಗುವವರು ಬರುವವರು ನೋಡುತ್ತಿದ್ದರು. ಕಿವಿ ಬಿಸಿಯಾಯಿತು. ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು.

ಅಷ್ಟರಲ್ಲಿ ಉದ್ದ ಬಂದ. ಮೊದಲು ನನಗೆ ಗುರುತೇ ಸಿಗಲಿಲ್ಲ. ಕುತ್ತಿಗೆಯಿಂದ ಪಾದದ ತನಕ ಒಂದೇ ತುಂಡಿನ ನೀಲಿ ಉಡುಪು, ಬೆನ್ನ ಮೇಲೆ ಕಚೇರಿಗಳನ್ನು ಗುಡಿಸಿ ಒರೆಸುವ ಕಂಪನಿಯ ಹೆಸರು. ತೋಳು ಸರಿಯಾಗಿ ಮಣಿಕಟ್ಟಿನ ತನಕ ಇತ್ತು. ಮೇಡಂ ಕೈ ಅಡ್ಡ ಬರುವ ಮೊದಲೇ ಅವನು ನನ್ನ ಪಕ್ಕ ಕೂತ.

“ಇದೇನೋ?”

“ನಂದೇ. ಬೆಳಿಗ್ಗೆ ನಾಲ್ಕು ಮಹಡಿ ನೆಲ ಒರೆಸಿ ಬರ್ತೀನಿ.”

“ಮತ್ತೆ ಆ ರೇಷ್ಮೆ ಕೋಟು?”

“ಚಿಕ್ಕಪ್ಪಂದು. ಅವರಿಗೂ ಅದೊಂದೇ ಇರೋದು. ಬುಧವಾರ ನಾನು ಹಾಕ್ಕೊಂಡು ಬರ್ತೀನಿ ಅಂತ ಅವರು ಆಫೀಸಿಗೆ ರಜಾ ಹಾಕ್ತಿದ್ರು.”

ನಾನು ನಕ್ಕೆ. ತಡೆಯಲಾಗಲಿಲ್ಲ. ಅವನು ನಗಲಿಲ್ಲ. ಶೂವಿನ ದಾರ ಬಿಗಿದುಕೊಂಡ.

“ಅವತ್ತು ನಾನು ಹಾಗೆ ಕೂಗಬಾರದಿತ್ತು. ಬೆಳಿಗ್ಗೆಯಿಂದ ಬಕೆಟ್ ಹೊತ್ತು ಬಂದಿದ್ದೆ. ಅಲ್ಲೂ ನೀರು ತಾ ಅಂದ್ರಲ್ಲ… ಎಲ್ಲಿ ಗೊತ್ತಾಗಿಹೋಯ್ತೋ ಅಂತ ಹೆದರಿಕೆಯಾಯ್ತು.”

ಆಮೇಲೆ ಪೆಟ್ರೋಲ್ ಬಂಕಿನ ಹಳದಿ ಶರ್ಟಿನಲ್ಲಿ ಒಬ್ಬಳು ಬಂದಳು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು, ಎರಡು ವರ್ಷದಲ್ಲಿ ನನ್ನ ಜೊತೆ ಹತ್ತು ಮಾತು ಆಡಿರಲಿಲ್ಲ. ಅವಳ ಹಿಂದೆಯೇ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸದವರ ತಿಳಿಹಸಿರು ಅಂಗಿಯಲ್ಲಿ ಇನ್ನೊಬ್ಬ. ನಾಲ್ವರಾದೆವು. ಇಷ್ಟು ದಿನ ಒಬ್ಬರಿಗೊಬ್ಬರು ಎಷ್ಟು ಚೆನ್ನಾಗಿ ಬಚ್ಚಿಟ್ಟುಕೊಂಡಿದ್ದೆವು ಅಂತ ಯೋಚಿಸಿ ನಮಗೇ ನಾಚಿಕೆಯಾಯಿತು. ಕನ್ನಡಕ ಬಾಗಿಲಿಗೆ ಹತ್ತಿರದ ಬೆಂಚಿಗೆ ಬಂದು ಕೂತು ತಲೆ ಹೊರಗೆ ಹಾಕಿದಳು.

“ನಂಗೆ ಯಾವ ಕೆಲಸವೂ ಇಲ್ವಲ್ಲೇ. ನಾನು ಏನು ಹಾಕ್ಕೊಂಡು ಹೊರಗೆ ಬರ್ಲಿ?”

“ನೀನು ಒಳಗಿರು. ಹಲಗೆ ಮೇಲಿರೋದು ಓದಿ ಹೇಳು.”

ಮೇಡಂ ಪಾಠ ಶುರು ಮಾಡಿದರು. ಗ್ರಾಹಕರ ಜೊತೆ ನಡೆದುಕೊಳ್ಳುವುದು ಹೇಗೆ ಅನ್ನುವ ಪಾಠ. ಬಾಗಿಲು ಮುಚ್ಚಿರಲಿಲ್ಲ. ಯಾಕೆ ಮುಚ್ಚಲಿಲ್ಲವೋ ಅವರಿಗೇ ಗೊತ್ತು. ಒಳಗಿನಿಂದ ಅವರ ದನಿ ಕೇಳಿತು.

“ಗ್ರಾಹಕ ಸಿಟ್ಟಿನಲ್ಲಿ ಕೂಗಾಡ್ತಾ ಬರ್ತಾನೆ. ನೀವು ಮೊದಲು ಏನು ಮಾಡ್ತೀರಿ?”

ಒಳಗೆ ಪುಟ ತಿರುವುವ ಸದ್ದು.

“ಹೇಳಿ. ಯಾರಾದ್ರೂ?”

ನನ್ನ ಪಕ್ಕದಿಂದ ಬಂಕಿನ ಹುಡುಗಿ ಕೂತಲ್ಲಿಂದಲೇ ಹೇಳಿದಳು, “ಮೊದಲು ಅವನು ಕೂಗಿ ಮುಗಿಸೋ ತನಕ ಸುಮ್ಮನಿರ್ಬೇಕು ಮೇಡಂ. ನಡುವೆ ಮಾತಾಡಿದ್ರೆ ಮತ್ತೆ ಮೊದಲಿಂದ ಶುರು ಮಾಡ್ತಾನೆ.”

ಒಳಗೆ ನಗು.

“ಯಾರದು?”

“ಹೊರಗಿನವರು ಮೇಡಂ,” ಅಂದಳು ಕನ್ನಡಕ.

ಬೈಯುತ್ತಾರೆ ಅಂದುಕೊಂಡೆವು. ಆಮೇಲೆ ಹಲಗೆಯ ಮೇಲೆ ಸೀಮೆಸುಣ್ಣ ಗೀಚುವ ಸದ್ದು. ಕನ್ನಡಕ ನಮ್ಮ ಕಡೆ ಬಗ್ಗಿ ಪಿಸುಗುಟ್ಟಿದಳು, “ಬರೀತಿದಾರೆ ಕಣ್ರೇ. ನೀವು ಹೇಳಿದ್ದನ್ನೇ ಬರೀತಿದಾರೆ.”

ಸದ್ದು ನಿಂತಿತು. ಮೇಡಂ ಹೆಜ್ಜೆ ಬಾಗಿಲ ತನಕ ಬಂತು. ಸೀಮೆಸುಣ್ಣ ಹಿಡಿದು ನಮ್ಮ ನಾಲ್ವರನ್ನೂ ನೋಡಿದರು. ಕರಿ, ನೀಲಿ, ಹಳದಿ, ಹಸಿರು. ಒಳಗೆ ಬನ್ನಿ ಅನ್ನಲಿಲ್ಲ. ನಾವೂ ಏಳಲಿಲ್ಲ.

“ಆಮೇಲೆ?” ಅಂತ ಕೇಳಿದರು. “ಕೂಗಿ ಮುಗಿಸಿದ ಮೇಲೆ ಏನು ಮಾಡ್ಬೇಕು?”

ನಾವು ನಾಲ್ವರೂ ಒಟ್ಟಿಗೇ ಬಾಯಿ ತೆರೆದೆವು.